ನೀರಿಲ್ಲದ ತೊಟ್ಟಿಗೆ ಸಿಂಬಿಯ ಕಾನೂನು

ತೊಟ್ಟಿ ಕಟ್ಟಿಸಿದ ಇಂಜಿನಿಯರ್ ಸಾಹೇಬರೇ,

ಬರುವ ಸೋಮವಾರ ನಮ್ಮೂರ ದಿಬ್ಬದ ಸಿಮೆಂಟು ತೊಟ್ಟಿಯ ತಳವನ್ನು ಹಾರೆ ಹಾಕಿ ಒಡೆಸುತ್ತೀರಂತೆ. ಕಾರಣ, ಸಾರ್ವಜನಿಕರ ಸುರಕ್ಷತೆ. ಆ ಸಾರ್ವಜನಿಕರು ನಾವೇ ಆದ್ದರಿಂದ ಒಂದು ಮಾತು ಕೇಳಿಬಿಡಿ.

ಬಾಣಲೆಯಂತೆ ಇಳಿಜಾರಾಗಿ, ನುಣ್ಣಗೆ ತೊಟ್ಟಿ ಕಟ್ಟಿಸಿದವರು ನೀವು. "ಆಳವಿದೆ, ಈಜಬಾರದು" ಎಂದು, ಗಡಿಯೂರಲ್ಲವೇ, ತಮಿಳಿನಲ್ಲೂ ಕನ್ನಡದಲ್ಲೂ ಬೋರ್ಡು ನೆಡಿಸಿದವರೂ ನೀವೇ. ನಾವು ವಿಧೇಯರು. ಮೂರು ವರ್ಷದಿಂದ ಒಬ್ಬರೂ ಈಜಿಲ್ಲ. ನೀರು ಬಂದಿದ್ದರೆ ಮನಸ್ಸು ಚಂಚಲವಾಗುತ್ತಿತ್ತೋ ಏನೋ. ಆ ಪರೀಕ್ಷೆಗೆ ನೀವು ನಮ್ಮನ್ನು ಒಡ್ಡಲೇ ಇಲ್ಲ.

ಹೀಗಿರುವಾಗ ಕೂಲಿಯಿಲ್ಲದ ಒಂದು ದಿನ ನಮ್ಮ ಜವರ, ಲಾರಿ ಶೆಡ್ಡಿನವರು ಬಿಸಾಡಿದ ಬೇರಿಂಗುಗಳನ್ನು ಹಲಗೆಗೆ ಜೋಡಿಸಿ ಗಾಡಿ ಮಾಡಿದ. ತೊಟ್ಟಿಯ ಅಂಚಿನಿಂದ ಬಿಟ್ಟರೆ ಅದು ಗರ್ರೆಂದು ತಳಕ್ಕಿಳಿದು, ಎದುರು ದಡ ಹತ್ತಿ, ಹೊಟ್ಟೆಯೊಳಗೆ ಕಚಗುಳಿಯಿಟ್ಟು ಹಿಂದಕ್ಕೆ ಬರುತ್ತದೆ. ಮಕ್ಕಳ ಮಾತು ಬಿಡಿ, ಅರವತ್ತು ದಾಟಿದ ಜಮೀನ್ದಾರ ಪುಟ್ಟಬಸಪ್ಪನವರೇ ಪಂಚೆ ಎತ್ತಿಕಟ್ಟಿ ಸಾಲಿನಲ್ಲಿ ನಿಲ್ಲುತ್ತಾರೆ, ಅದೂ ಜವರನ ಹಿಂದೆ. ನೀರಿರುವ ಬಾವಿಯ ಬಳಿ ಇಂಥ ಸಾಲನ್ನು ನಾನು ಕಂಡಿಲ್ಲ.

ನಿಯಮವಿಲ್ಲ ಎಂದಿರಾ? ತೊಟ್ಟಿಗೆ ನೀರು ಬರುವ ದಿನ ಕೊಡ ಹೊರಲೆಂದು ಹೆಂಗಸರು ಹಳೇ ಸೀರೆ ಸುತ್ತಿ ತಲೆಗೆ ಹೊಸ ಸಿಂಬಿ ಮಾಡಿಟ್ಟಿದ್ದರು. ಅವರಲ್ಲೊಬ್ಬರಾದ ಮಂಗಳಮ್ಮನವರು ಅವನ್ನೇ ತಂದು ಒಬ್ಬೊಬ್ಬರ ತಲೆಗೂ ಟವೆಲಿನಿಂದ ಬಿಗಿದರು. "ಸಿಂಬಿ ಇಲ್ದೆ ಇಳುದ್ಯೋ, ಗಾಡಿ ಒಲೆಗಾಕ್ಬುಡ್ತೀನಿ ಕಣ್ಲಾ!" ಇದು ಮೊದಲ ನಿಯಮ. ಒಂದು ಗಾಡಿ ಮೇಲೆ ಬಂದು ನಿಲ್ಲುವವರೆಗೆ ಇನ್ನೊಂದು ಇಳಿಯಬಾರದು, ಇದು ಎರಡನೆಯದು. ಮೂರನೆಯದು ಬೇಕಾಗಲಿಲ್ಲ. ಸಿಂಬಿಯ ನಡುವೆ ತೂತಿದೆ, ನಿಜ. ಬುದ್ಧಿಗೂ ಸ್ವಲ್ಪ ಗಾಳಿಯಾಡಲಿ.

ಈವರೆಗೆ ತೊಟ್ಟಿಯಲ್ಲಿ ಪೆಟ್ಟು ತಿಂದವರು ಒಬ್ಬರೇ. ಯಾರೆಂದು ಬರೆಯುವುದಿಲ್ಲ. ಹೋದ ತಿಂಗಳು ಜೀಪಿನಲ್ಲಿ ತಪಾಸಣೆಗೆ ಬಂದಿದ್ದರು.

"ಬೂಟ್ಸು ಜಾರ್ತದೆ ಸಾರ್, ನೀವೂ ಒಂದ್ ಸಿಂಬಿ ಕಟ್ಕಳಿ" ಎಂದರು ಮಂಗಳಮ್ಮ.

"ಅದೆಲ್ಲಾ ವೇಂಡಾಮ್ಮಾ" ಎಂದು ತಮಿಳಿನಲ್ಲೇ ಬೇಡವೆಂದವರೇ ಅಂಚಿನಾಚೆಗೆ ಕಾಲಿಟ್ಟರು.

"ಅಯ್ಯಯ್ಯೋ, ಸಾಯೇಬ್ರು ಗಾಡೀನೇ ಇಲ್ದೆ ವೊಂಟೋದ್ರಲ್ಲಪ್ಪೋ!" ಎಂದು ಕೂಗಿದ ಜವರ.

ಎದುರು ದಡವನ್ನೂ ಅರ್ಧ ಹತ್ತಿದಿರಿ, ಸಾಹೇಬರೇ! ಗಾಡಿಯಿಲ್ಲದೆ ಅಷ್ಟು ದೂರ ಹೋದವರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಆಮೇಲೆ ತಳದಲ್ಲಿ ಕೂತು, ಹಣೆಯ ಬುಗುಟು ಸವರಿಕೊಳ್ಳುತ್ತಾ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿರಿ. ಆ ತೊಟ್ಟಿ ಕಂಡ ಮೊದಲ ನೀರು ಅದೇ. ಅಂಥ ನಗು ಕಚೇರಿ ತಲುಪುವಷ್ಟರಲ್ಲಿ ಎಲ್ಲಿ ಉದುರಿಹೋಯಿತು? ದಿಂಬಂ ಘಾಟಿಯ ಯಾವ ತಿರುವಿನಲ್ಲಿ? ನಿಮ್ಮ ಒಂದು ಬುಗುಟಿಗೆ ನಮ್ಮ ಇಡೀ ತೊಟ್ಟಿಯೇ ಶಿಕ್ಷೆ ಅನುಭವಿಸಬೇಕೇ? ತಳ ಒಡೆದಮೇಲೆ, ಅಪ್ಪಿತಪ್ಪಿ ನೀರು ಬಂದರೂ ನಿಲ್ಲುವುದೆಲ್ಲಿ?

ಆದ್ದರಿಂದ ಹಾರೆ ಬೇಡ. ಹಳೇ ಬೋರ್ಡು ಅಳಿಸಿ ಮಂಗಳಮ್ಮನವರ ಎರಡು ನಿಯಮಗಳನ್ನು ಎರಡು ಭಾಷೆಯಲ್ಲೂ ಬರೆಸಿ. ಇಲ್ಲವೇ, ನೀರು ಬಿಡಿ. ನೀರು ಬಂದ ಗಳಿಗೆಯಲ್ಲೇ ಗಾಡಿಗಳನ್ನು ಮೇಲೆತ್ತುತ್ತೇವೆ. ತಲೆಯ ಸಿಂಬಿ ಮಾತ್ರ ಬಿಚ್ಚುವುದಿಲ್ಲ, ಅದರ ಮೇಲೆಯೇ ಕೊಡ ಇಟ್ಟುಕೊಳ್ಳುತ್ತೇವೆ. ಒಂದು ಕೊಡ ಪುಟ್ಟಬಸಪ್ಪನವರೂ ಹೊರುತ್ತಾರಂತೆ, ಅದೇ ಸಾಲಿನಲ್ಲಿ, ಜವರನ ಹಿಂದೆ.

ಇಂತಿ,
ಸೋಮವಾರ ಬೆಳಿಗ್ಗೆ ಸಿಂಬಿ ಬಿಗಿದುಕೊಂಡು ತೊಟ್ಟಿಯ ತಳದಲ್ಲೇ ಕೂತಿರುವ,
ಈಜು ಬಾರದ
ಜಡೇಸ್ವಾಮಿ
ತಾಳವಾಡಿ ಬೆಟ್ಟ, 1984

(ನಿಮಗೂ ಒಂದು ಸಿಂಬಿ ತೆಗೆದಿಟ್ಟಿದೆ.)