ಸಂಡಿಗೆಗೆ ಬೇರೆ ಚಾಪೆ ಹಾಸಿ

ಹಾಸನ
ಮಬ್ಬುವರ್ಷ ತೊಂಬತ್ತೊಂದು, ಕಾರ್ತಿಕದ ಮೂವತ್ತನಾಲ್ಕನೆಯ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿಯಾದ ತಾರಿಣಿಯವರಿಗೆ ಕೇತಕಿ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮಗೆ ಚಂದ್ರ ಕಾಣುವುದಿಲ್ಲವಾದ್ದರಿಂದ ತಿಂಗಳನ್ನು ಅಂದಾಜಿನಲ್ಲೇ ಮುಗಿಸುತ್ತೇವೆ. ನನ್ನ ಮಾತೂ ಅಲ್ಲಲ್ಲಿ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಈ ಕಾಗದ ಹಿಂದಿನ ಕಾಲಕ್ಕೆ ಬಂದು ನಿಮ್ಮನ್ನು ಮುಟ್ಟುವಾಗ ನೀವಿನ್ನೂ ಪ್ರಾಯದ ಹೆಂಗಸು, ನಾನು ತಲೆ ನರೆತವಳು. ಆದರೂ ಅಜ್ಜಿ ಅನ್ನಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ.

ನೀವು ಆಸೆಪಟ್ಟು ತಾರಸಿಯ ಮೇಲೆ ಇರಿಸಿದ ಬಿಸಿನೀರಿನ ಸ್ಪಾ ತೊಟ್ಟಿ ಇನ್ನೂ ಇದೆ. ನಿಮಗೆ ಅದು ಬೆನ್ನುನೋವಿಗೆ ಹಿತವಾಗಿತ್ತಂತೆ. ನಮಗೆ ಅದೇ ಜೀವ. ಮಬ್ಬು ಎಂದರೆ ತೊಂಬತ್ತೊಂದು ವರ್ಷದಿಂದ ಆಕಾಶವನ್ನು ಮುಚ್ಚಿಕೊಂಡಿರುವ ಬೂದಿ. ಬಿಸಿಲಿಲ್ಲ, ಚಳಿ ಮೂಳೆಗೆ ಇಳಿಯುತ್ತದೆ. ಸಂಜೆ ಸ್ವಲ್ಪ ಹೊತ್ತು ಮನೆಮನೆಗೆ ಕರೆಂಟು ಬಿಡುತ್ತಾರೆ, ಅದಕ್ಕೆ ಬಿಸಿಪಾಲು ಅನ್ನುತ್ತೇವೆ. ಅಷ್ಟರಲ್ಲಿ ತೊಟ್ಟಿಯ ನೀರು ಕಾಯಬೇಕು, ಆ ಬಿಸಿ ಬೆಳಗಿನವರೆಗೆ ಉಳಿಯಬೇಕು. ಮೈತೊಳೆಯಲು, ಬಾಣಂತಿಗೆ ಎರೆಯಲು, ಕೂಸಿನ ತೊಟ್ಟಿಲಲ್ಲಿ ಇಡುವ ನೀರಿನ ಚೀಲಕ್ಕೆ, ಎಲ್ಲಕ್ಕೂ ಅದೇ ನೀರು. ಆದರೆ ಬಿಸಿ ಉಳಿಯುವುದಿಲ್ಲ. ತೆರೆದ ನೀರಿನ ಮೇಲಿಂದಲೇ ಹಬೆಯಾಗಿ ಹೋಗಿಬಿಡುತ್ತದೆ. ಹಲಗೆ ಮುಚ್ಚಿದರೆ ಸಂದಿಯಲ್ಲಿ ಹೋಗುತ್ತದೆ, ಕೌದಿ ಹೊದಿಸಿದರೆ ಕೌದಿಯೇ ನೆನೆದು ತಣ್ಣಗಾಗುತ್ತದೆ.

ಅದಕ್ಕೊಂದು ದಪ್ಪ ಫೋಮ್ ಮುಚ್ಚಳ ಇತ್ತಲ್ಲ ಅಜ್ಜಿ! ನೀವು ಅದನ್ನು ಬಿಸಿಲಿಗೆ ಎಳೆದು ಅದರ ಮೇಲೆ ಸಂಡಿಗೆ ಒಣಹಾಕಿದಿರಿ. ಹೊಲಿಗೆ ಬಿಟ್ಟು, ಮಳೆನೀರು ಕುಡಿದು, ಕಲ್ಲಿನಂತೆ ಭಾರವಾಗಿ, ಕೊನೆಗೆ ಗುಜರಿಯವನ ಪಾಲಾಯಿತು. ಆಮೇಲೆ ಕರೆಂಟ್ ಬಿಲ್ ಬಂದಾಗಲೆಲ್ಲ ನಿಮ್ಮ ಯಜಮಾನರು "ಇದು ತೊಟ್ಟಿ ಅಲ್ಲ ಕಣೇ, ಮನೆಹಾಳು!" ಎಂದು ಕೂಗಾಡುತ್ತಿದ್ದರಂತೆ. ನೀವು "ಮೋಟಾರ್ ಕೆಟ್ಟಿರಬೇಕು ಕಣ್ರೀ" ಎಂದು ಮೆಕ್ಯಾನಿಕ್‌ನನ್ನು ಕರೆಸುತ್ತಿದ್ದಿರಂತೆ. ಮೋಟಾರಿಗೆ ಏನೂ ಆಗಿರಲಿಲ್ಲ. ಈಗಲೂ ಏನೂ ಆಗಿಲ್ಲ.

ಈ ಕಥೆ ಹೇಳಿಕೊಂಡು ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ನನಗೀಗ ನಗು ಬರುವುದಿಲ್ಲ. ಹೋದ ವರ್ಷ ಪಕ್ಕದ ಮನೆಯ ಪದ್ಮಾಕ್ಷಿ ನಸುಕಿನಲ್ಲಿ ಬಂದು, "ಅಕ್ಕಾ, ಒಂದು ಚೊಂಬು ಬಿಸಿನೀರಿದ್ರೆ ಕೊಡಿ, ಕೂಸಿನ ಚೀಲ ಆರೋಗಿದೆ" ಎಂದು ಅಂಗಲಾಚಿದಳು. ನಮ್ಮ ತೊಟ್ಟಿಯೂ ಆರಿತ್ತು. ಅವಳು ವಾಪಸ್ಸು ಹೋಗುವಷ್ಟರಲ್ಲಿ ಕೂಸು ಉಳಿದಿರಲಿಲ್ಲ. ಈಗ ನನ್ನ ಮಗಳು ಚಂಪಕಳಿಗೆ ದಿನ ತುಂಬಿದೆ, ಮಧ್ಯಾಹ್ನದಿಂದ ನೋವು ತಿನ್ನುತ್ತಿದ್ದಾಳೆ. ನನಗೆ ತುಂಬಾ ಭಯವಾಗುತ್ತಿದೆ, ಅಜ್ಜಿ.

ನಿಮ್ಮನ್ನು ಬೈಯಲು ಬರೆದದ್ದಲ್ಲ ಇದು. ಸಂಡಿಗೆಗೆ ಬೇರೆ ಚಾಪೆ ಹಾಸಿ, ಅಷ್ಟೇ. ಮುಚ್ಚಳ ತೊಟ್ಟಿಯ ಮೇಲೇ ಇರಲಿ. ಹೊಲಿಗೆ ಬಿಟ್ಟರೆ ಅಂದೇ ಹಾಕಿಸಿ. ನಿಮ್ಮ ಮಗಳಿಗೂ ಹೇಳಿ, ಅವಳು ಅವಳ ಮಗಳಿಗೆ ಹೇಳಲಿ.

ಕರೆಂಟು ಈಗ ಹೋಯಿತು. ಒಳಗೆ ಚಂಪಕ ಕೂಗುತ್ತಿದ್ದಾಳೆ. ಈ ಕಾಗದ ಅಂದು ನಿಮ್ಮ ಕೈಸೇರಿ, ನೀವು ನನ್ನ ಮಾತು ನಡೆಸಿದ್ದರೆ, ಈಗ ಮೇಲೆ ತೊಟ್ಟಿಗೆ ಮುಚ್ಚಳ ಇರುತ್ತದೆ. ತಾರಸಿಯ ಮೆಟ್ಟಿಲ ಬುಡದಲ್ಲಿ ನಿಂತೇ ಬರೆಯುತ್ತಿದ್ದೇನೆ, ಹತ್ತಿ ನೋಡಲು ಧೈರ್ಯ ಬರುತ್ತಿಲ್ಲ.

ನಿಮ್ಮ
ಕೇತಕಿ