ಆರನೆಯ ಫಾರಂ

ಮನೆಯ ಮೇಲಂತಸ್ತಿನ ಕೋಣೆ,
ಮಾರ್ಚ್ ೯, ಮಂಗಳವಾರ, ಬೆಳಿಗ್ಗೆ

ಪ್ರೀತಿಯ ತಂಗೀ,

ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಕೂಡದೆಂದು ವೈದ್ಯರು ಅಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಬಟ್ಟೆ ಒಣಗಿಸುವ ನೆಪದಲ್ಲಿ ನೀನು ದಿನಕ್ಕೆ ಮೂರು ಬಾರಿ ಮಹಡಿ ಹತ್ತುತ್ತಿರುವೆಯೆಂದು ನಿನ್ನ ಮಗ ಫೋನಿನಲ್ಲಿ ಚಾಡಿ ಹೇಳಿದ. ಎಪ್ಪತ್ತರ ಹೊಸ್ತಿಲಲ್ಲಿಯೂ ಯಾರ ಮಾತಿಗೂ ಕಿವಿಗೊಡದಿರುವುದು ನಮ್ಮ ಮನೆತನದ ಲಕ್ಷಣವೇ ಇರಬೇಕು. ನನ್ನ ದೇಹಸ್ಥಿತಿ ಪರಮಾತ್ಮನ ದಯೆಯಿಂದ ನೆಟ್ಟಗಿದೆ. ಪ್ರಾತಃಕಾಲದ ಪ್ರಾರ್ಥನೆ ತಪ್ಪಿಲ್ಲ, ಹಸಿವಿದೆ, ನಿದ್ರೆಯಿದೆ. ಮನಸ್ಸೊಂದು ನೆಟ್ಟಗಿಲ್ಲ. ನಾನು ಕುಪಿತನಾಗಿದ್ದೇನೆ, ಮತ್ತು ಆ ಕೋಪ ಆರುವ ಮೊದಲೇ ಈ ಪತ್ರವನ್ನು ಮುಗಿಸಬೇಕೆಂದು ಕುಳಿತಿದ್ದೇನೆ.

ನಿನ್ನ ನಾಲ್ಕು ಸಾಲಿನ ಉತ್ತರ ತಲುಪಿತು. ಓದಲೆಂದು ನಾನು ಕಳುಹಿಸಿದ್ದು ನಲವತ್ತು ಪುಟ, ನೀನು ಹಿಂದಿರುಗಿಸಿದ್ದು ಇಷ್ಟು: "ಅಣ್ಣಾ, ಈ ಪುಸ್ತಕ ಬರೀಬೇಡ. ಆಗಿದ್ದು ಆಗೋಯ್ತು. ಮುರಿದಿದ್ದು ನನ್ನ ಕೈ. ಅದು ನಿನ್ನ ಕಥೆ ಅಲ್ಲ." ಎಡಗೈಯಲ್ಲಿ ಬರೆದ ಆ ಓರೆ ಅಕ್ಷರಗಳನ್ನು ನಾನು ಮೂರು ಬಾರಿ ಓದಿದೆ. ಓದಿ ಮೇಜನ್ನು ಗುದ್ದಿದೆ. ಚಹದ ಲೋಟ ಉರುಳಿತು, ಸೊಸೆ ಓಡಿ ಬಂದಳು, "ಏನಾಯ್ತು ಮಾವ, ಬಿಪಿ ಮಾತ್ರೆ ತಗೊಂಡ್ರಾ?" ಎಂದಳು. ಈ ಮನೆಯಲ್ಲಿ ಮುದುಕನಿಗೆ ಸಿಟ್ಟು ಬಂದರೆ ಅದು ಮಾತ್ರೆಯ ಲೋಪವೆಂದೇ ತೀರ್ಮಾನ. ಎಪ್ಪತ್ತೈದು ದಾಟಿದವನಿಗೆ ಸಕಾರಣವಾದ ಕೋಪವೂ ಬರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಕಾರಣ ಯಾವುದೆಂದು ನಿನಗೆ ತಿಳಿದೇ ಇದೆ. ಆದರೂ ಬರೆಯುತ್ತೇನೆ, ಏಕೆಂದರೆ ಐವತ್ತೆಂಟು ವರ್ಷ ಯಾರೂ ಬರೆದಿಲ್ಲ. ನಮ್ಮ ತಂದೆಯವರ ರಟ್ಟು ಕಟ್ಟುವ ಕಾರ್ಖಾನೆಯನ್ನು ಹೊಗಳುವವರು ಇಂದಿಗೂ ಬೀದಿಯಲ್ಲಿ ನನ್ನನ್ನು ತಡೆದು ನಿಲ್ಲಿಸುತ್ತಾರೆ. "ನಿಮ್ಮಪ್ಪ ಕಟ್ಟಿದ ಪುಸ್ತಕದಲ್ಲಿ ಇವತ್ತಿಗೂ ಒಂದು ಹಾಳೆ ಕಳಚಿಲ್ಲ ಕಣ್ರೀ, ಅಂಥ ಸಾಧು ಮನುಷ್ಯ ಇನ್ನು ಹುಟ್ಟಲ್ಲ" ಎನ್ನುತ್ತಾರೆ. ಹಾಳೆ ಕಳಚಿಲ್ಲವೆಂಬುದು ಸತ್ಯ. ಆದರೆ ಆ ಮುನ್ನೂರು ಪ್ರಾರ್ಥನಾ ಪುಸ್ತಕಗಳ ಸಂಗತಿ ಅವರಾರಿಗೂ ಗೊತ್ತಿಲ್ಲ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಹದಿನಾರು ಪುಟದ ಕಂತೆಗಳಾಗಿ ಮಡಚಿ, ಫಾರಂ ಎಂದು ನಾವು ಕರೆಯುತ್ತಿದ್ದ ಆ ಕಂತೆಗಳನ್ನು ಉದ್ದನೆಯ ಮೇಜಿನ ಮೇಲೆ ಕ್ರಮವಾಗಿ ರಾಶಿಯಿಡುವುದು ನನ್ನ ಪಾಲಿನ ಕೆಲಸ. ಮೇಜಿನ ಉದ್ದಕ್ಕೂ ನಡೆಯುತ್ತ ರಾಶಿಗೊಂದರಂತೆ ಎತ್ತಿ ಜೋಡಿಸುವುದು ನಿನ್ನದು. ನಿನಗಾಗ ಹನ್ನೊಂದು, ನನಗೆ ಹದಿನೇಳು. ಹೊಲಿಗೆಯಾಗಿ, ಅಂಟು ಒಣಗಿ, ರಟ್ಟು ಬಿದ್ದ ಮೇಲೆ ತೆರೆದು ನೋಡಿದರೆ ಅಷ್ಟೂ ಪುಸ್ತಕಗಳಲ್ಲಿ ಆರನೆಯ ಫಾರಂ ತಲೆಕೆಳಗಾಗಿತ್ತು. ತಂದೆಯವರು ನಿನ್ನನ್ನು ಕರೆದರು. "ದೇವರ ಮಾತನ್ನ ಕಾಲು ಮೇಲೆ ಮಾಡಿ ಇಟ್ಟಿದೀಯಾ?" ಎಂದು ಬಹು ಮೆಲ್ಲಗೆ ಕೇಳಿದರು. ಪುಸ್ತಕ ಒತ್ತುವ ಯಂತ್ರದ ಎರಡು ಹಲಗೆಗಳ ನಡುವೆ ನಿನ್ನ ಬಲಗೈಯನ್ನಿರಿಸಿ ತಿರುಪನ್ನು ಎರಡು ಸುತ್ತು ತಿರುಗಿಸಿದರು. ಅನಂತರ ಕೈ ತೊಳೆದು ಪ್ರಾರ್ಥನೆಗೆ ಕುಳಿತರು. ಬಾಗಿಲಿಗೆ ಸಿಕ್ಕಿಕೊಂಡಿತೆಂದು ಅಮ್ಮ ವೈದ್ಯರಿಗೆ ಹೇಳಿದಳು, ನಾವಿಬ್ಬರೂ ಹೌದೆಂದೆವು. ನಿನ್ನ ಬಲಗೈಯ ಎರಡು ಬೆರಳು ಮತ್ತೆಂದೂ ಮಡಚಲಿಲ್ಲ.

ನಾನೂ ಅದೇ ದೇವರಿಗೆ ಕೈಮುಗಿಯುವವನು. ಆದುದರಿಂದಲೇ ನನ್ನ ರೋಷ ಇಮ್ಮಡಿ. ಭಗವಂತನ ಮಾನವನ್ನು ಕಾಯಲು ಮಗುವೊಂದರ ಬೆರಳು ಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ವಿಧಿಸಿದ್ದರೆ ಆ ಶಾಸ್ತ್ರಕ್ಕೆ ನಾನು ರಟ್ಟು ಕಟ್ಟುವವನಲ್ಲ. ಇಷ್ಟನ್ನು ಹೇಳಲೆಂದೇ ನಾಲ್ಕು ತಿಂಗಳಿಂದ ಬರೆಯುತ್ತಿದ್ದೇನೆ. ಪ್ರಾರ್ಥನೆಯಾದ ಮೇಲೆ ದಿನಕ್ಕೊಂದು ಪುಟ. ಜ್ವರ ಬಂದ ದಿನವೂ ಬಿಟ್ಟಿಲ್ಲ. ನೂರ ಹನ್ನೆರಡು ಪುಟಗಳು ಸಲೀಸಾಗಿ ಬಂದವು. ನೂರ ಹದಿಮೂರನೆಯದು, ಆ ದಿನದ ಪುಟ, ಬರಲೊಲ್ಲದು. ಬರೆಯುತ್ತೇನೆ, ಹರಿಯುತ್ತೇನೆ, ಮರುದಿನ ಮತ್ತೆ ಕುಳಿತುಕೊಳ್ಳುತ್ತೇನೆ. ಅದನ್ನು ಟೈಪು ಮಾಡುವ ಪುಣ್ಯ ಸೊಸೆಯದು. "ಮಾವ, ಈ ಒಂದು ಪುಟ ಹನ್ನೊಂದನೇ ಸಲ ಹೊಡೀತಿದೀನಿ, ಕೊನೆಗೆ ನನ್ನ ಕೈಯೇ ಮುರಿಯೋದು" ಎಂದಳು ಮೊನ್ನೆ. ಎಂದವಳೇ ನಾಲಿಗೆ ಕಚ್ಚಿಕೊಂಡು ಅಡುಗೆಮನೆಗೆ ಹೋದಳು. ಪಾಪ, ಒಳ್ಳೆಯ ಹೆಣ್ಣುಮಗಳು.

ಗ್ರಂಥಾಲಯದಲ್ಲಿ ಶನಿವಾರಗಳಂದು ಬರವಣಿಗೆಯ ತರಗತಿಯೊಂದು ನಡೆಯುತ್ತದೆಂದು ಹಿಂದೆ ತಿಳಿಸಿದ್ದೆನಲ್ಲ. ಕಲಿಸುವಾಕೆಗೆ ಮೊಮ್ಮಗಳ ಪ್ರಾಯ. ಮೊದಲ ದಿನ, "ಬರೆದುಬಿಡಿ ತಾತಾ, ಮನಸ್ಸು ಹಗುರ ಆಗುತ್ತೆ" ಎಂದಳು. ಹಗುರವಾಗಲು ನನಗೇನು ಅಜೀರ್ಣವೇ ಎಂದು ಕೇಳಿದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಹೋದ ಶನಿವಾರ ಅವಳು ನಗಲಿಲ್ಲ. ನೂರ ಹದಿಮೂರನೆಯ ಪುಟವನ್ನು ಓದಿ, ನಿನ್ನ ಕೈ, ಯಂತ್ರ, ತಂದೆಯವರ ಮುಖ ಎಲ್ಲವೂ ಕಾಣುತ್ತಿದೆಯೆಂದಳು. ತರುವಾಯ, "ಆ ಅಣ್ಣ ಅಲ್ಲೇ ನಿಂತಿದಾನಲ್ಲ ತಾತಾ, ಅವನ ಕಣ್ಣು ಎಲ್ಲಿತ್ತು?" ಎಂದು ಕೇಳಿದಳು. ಉತ್ಸಾಹ ಬತ್ತಿದ್ದರಿಂದ ಪುಟ ನಿಂತದ್ದಲ್ಲ, ಏನೋ ಒಂದನ್ನು ಬಿಟ್ಟು ಬರೆಯುತ್ತಿರುವುದರಿಂದ ನಿಂತಿದೆ ಎಂದಳು. ಅಧಿಕಪ್ರಸಂಗವೆಂದು ಗದರಿಸಿ, ಕೊಡೆಯನ್ನೂ ಅಲ್ಲಿಯೇ ಬಿಟ್ಟು ಮನೆಗೆ ಬಂದೆ. ನನ್ನ ಸಿಟ್ಟು ಅಂದಿನಿಂದ ಇಳಿದಿಲ್ಲ. ಅದರ ಮೇಲೆ ನಿನ್ನ ಪತ್ರ.

ಆಗಿದ್ದು ಆಗಿಹೋಯಿತೆಂಬ ನಿನ್ನ ಮಾತನ್ನು ನಾನು ಒಪ್ಪಲಾರೆ. ಆಗಿಹೋಗಿದ್ದರೆ ನಿನ್ನ ಮದುವೆಯ ಭಾವಚಿತ್ರದಲ್ಲಿ ನಿನ್ನ ಬಲಗೈ ಸೆರಗಿನೊಳಗೆ ಏಕಿದೆ? ಆದರೆ ನಿನ್ನ ಸಮ್ಮತಿಯಿಲ್ಲದೆ ಒಂದು ಅಕ್ಷರವೂ ಅಚ್ಚಾಗದು, ಇದು ನನ್ನ ವಚನ. ನೀನು ಬೇಡವೆಂದರೆ ಬರೆದದ್ದನ್ನೆಲ್ಲ ನಾನೇ ಹರಿದುಹಾಕುವೆ. ಆದರೆ ಅದು ನನ್ನ ಕಥೆಯಲ್ಲವೆಂದು ಮಾತ್ರ ಹೇಳಬೇಡ. ಆ ಕೋಣೆಯಲ್ಲಿ ನಾನೂ ಇದ್ದೆ.

ನಿನ್ನ ಮಗನಿಗೂ ಅವನ ಹೆಂಡತಿಗೂ ನನ್ನ ಆಶೀರ್ವಾದ. ಮಹಡಿಯ ಬಟ್ಟೆ ಅವರೇ ಒಣಗಿಸಲಿ. ನಿನ್ನ ಮಂಡಿಗೂ ಮನಸ್ಸಿಗೂ ದೇವರು ನೆಮ್ಮದಿಯನ್ನು ಕರುಣಿಸಲೆಂದು ದಿನವೂ ಎರಡು ಹೊತ್ತು ಬೇಡುವ,

ನಿನ್ನ ಅಣ್ಣ

ತಾ.ಕ.: ಸೊಸೆ ಅಂಚೆಗೆ ಹೊರಟು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ. ಆಗ ನನ್ನ ಕಣ್ಣು ಮೇಜಿನಲ್ಲಿ ಆರನೆಯ ರಾಶಿಯಿದ್ದ ಜಾಗದ ಮೇಲಿತ್ತು. ಆ ರಾಶಿಯನ್ನು ತಿರುಗಿಸಿ ಇಟ್ಟವನು ನಾನು. ಊಟ ಮುಗಿಸಿ ಬಂದು, ಸುತ್ತಿ ಬರಲು ಸೋಮಾರಿತನವಾಗಿ, ಮೇಜಿನ ಆಚೆ ಬದಿಯಿಂದಲೇ ಇಟ್ಟುಬಿಟ್ಟೆ. ರಾಶಿ ಇದ್ದಂತೆ ನಿನ್ನ ಕೈ ಎತ್ತಿತು, ಅಷ್ಟೆ. ತಂದೆಯವರು ನಿನ್ನನ್ನು ಕರೆಯುವಾಗಲೇ ನನಗೆ ಗೊತ್ತಿತ್ತು. ಮೊದಲ ಸುತ್ತಿಗೂ ಎರಡನೆಯ ಸುತ್ತಿಗೂ ನಡುವೆ ಅವರು ಒಮ್ಮೆ ನಿಂತು ಉಸಿರು ತೆಗೆದುಕೊಂಡರು; ಆಗಲೂ ನಾನು ಬಾಯಿ ಬಿಡಲಿಲ್ಲ. ತಪ್ಪು ನಿನ್ನದೆಂದೇ ನೀನು ಇಂದಿಗೂ ನಂಬಿರುವೆ. ಕ್ಷಮಿಸಿದ್ದೇನೆಂದು ನಾಲ್ಕು ಸಾಲು ಗೀಚಿ ಕಳುಹಿಸಬೇಡ. ಬೈದು ಬರೆ, ಎಷ್ಟು ಪುಟವಾದರೂ ಸರಿ. ನೂರ ಹದಿಮೂರನೆಯ ಪುಟ ಈಗ, ಈ ಪತ್ರಕ್ಕೆ ಸಹಿ ಹಾಕಿದ ಮೇಲೆ, ಅರ್ಧ ಗಂಟೆಯಲ್ಲಿ ಬಂತು. ಇದರೊಳಗೆ ಇಟ್ಟಿದ್ದೇನೆ. ಉಳಿಸುವುದೋ ಹರಿಯುವುದೋ ನಿನಗೆ ಬಿಟ್ಟದ್ದು. ಸೊಸೆಗೆ ತೋರಿಸಿಲ್ಲ. ನನ್ನ ಬಳಿ ನಕಲೂ ಇಲ್ಲ.