ಬೂಟು ಬಿಚ್ಚಿಸಿದವಳು

ಚಿಕ್ಕಮಗಳೂರು
ಜನವರಿ 6, 2025

ಪ್ರೀತಿಯ ಅವ್ವ,

ನಿನ್ನ ಮಗಳು ನೆಗಡಿ, ಕೆಮ್ಮು ಏನೂ ಇಲ್ಲದೆ ಸುಖವಾಗಿದ್ದಾಳೆ. ಫೋನಿನಲ್ಲಿ ಹೇಳಿದರೆ ‘ಆಯ್ತು ಬಿಡು’ ಅಂತ ಇಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಅಣ್ಣನ ಮಗಳು ಕೃತಿಕಾ ಓದಿ ಹೇಳುತ್ತಾಳೆ. ಕೃತಿಕಾ, ಒಂದು ಸಾಲೂ ನುಂಗಬೇಡ.

ಹತ್ತೊಂಬತ್ತರ ಭಾನುವಾರ ಮೂಡಿಗೆರೆಯಲ್ಲಿ ನನಗೆ ಸನ್ಮಾನ, ಲೈನ್ ಮನೆಗಳ ಕೂಲಿಯವರಿಗೆ ಸ್ಮಶಾನದ ದಾರಿ ಬಿಡಿಸಿಕೊಟ್ಟ ಕೇಸಿಗಾಗಿ. ಎಸ್ಟೇಟಿನ ಕೂಲಿ ಲೈನಿನಿಂದ ಬಂದ ಮೊದಲ ವಕೀಲೆ ಎಂದು ಕರಪತ್ರದಲ್ಲಿ ಹಾಕಿದ್ದಾರೆ. ಓದಿ ನಗು ಬಂತು, ಖುಷಿಯೂ ಆಯಿತು. ನಿಮಗೆ ಸ್ಫೂರ್ತಿ ಯಾರು ಎಂದು ಕೇಳಿದಾಗಲೆಲ್ಲ ನಾನು ಹೈಸ್ಕೂಲ್ ಮೇಷ್ಟ್ರ ಹೆಸರು ಹೇಳುತ್ತ ಬಂದಿದ್ದೇನೆ. ಮೇಷ್ಟ್ರು ಒಳ್ಳೆಯವರೇ. ಆದರೆ ನನ್ನನ್ನು ವಕೀಲೆ ಮಾಡಿದ್ದು ನೀನು. ಈ ಸಲ ವೇದಿಕೆಯಲ್ಲಿ ಅದನ್ನೇ ಹೇಳುವ ಆಸೆ. ನೀನೋ ‘ಧಣಿಗಳ ಮನೆಯವ್ರು ಮುಂದೇ ಕೂತಿರ್ತಾರೆ, ಆ ಕಣದ ಕಥೆ ಎತ್ಬೇಡ ಮಾರಾಯ್ತಿ’ ಅನ್ನುತ್ತೀಯ. ನಿನ್ನ ಒಪ್ಪಿಗೆ ಇಲ್ಲದೆ ಎತ್ತುವುದಿಲ್ಲ.

ನನಗಾಗ ಒಂಬತ್ತು ವರ್ಷ. ಕಾಫಿ ಒಣಗಿಸುವ ಕಣಕ್ಕೆ ಚಪ್ಪಲಿ ಹಾಕಿಕೊಂಡು ಇಳಿಯಬಾರದು, ಬೀಜಕ್ಕೆ ಮಣ್ಣಾಗುತ್ತದೆ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ತಿಮ್ಮಪ್ಪನವರು ಹೇಳಿದ್ದರು. ಆ ಮಾತು ಕೂಲಿಯವರಿಗಷ್ಟೇ ಎಂದು ಎಲ್ಲರಿಗೂ ಗೊತ್ತಿತ್ತು, ನಿನ್ನೊಬ್ಬಳನ್ನು ಬಿಟ್ಟು. ನೀನು ಅದು ಕಾಫಿಗೋಸ್ಕರವೇ ಎಂದು ನಂಬಿದ್ದೆ. ಧಣಿಗಳ ಅಳಿಯ ಬೂಟಿನಲ್ಲೇ ಕಣಕ್ಕೆ ಇಳಿದಾಗ, ಬೀಜ ಹರಡುವುದನ್ನು ನಿಲ್ಲಿಸಿ ‘ಬೂಟ್ ಅಲ್ಲೇ ಬಿಡಿ ಅಯ್ಯಾ, ಬೀಜಕ್ಕೆ ಮಣ್ಣಾಗ್ತದೆ’ ಎಂದೆ. ರೈಟರ್ ಮುಖ ಸಪ್ಪಗಾಯಿತು. ಅಳಿಯ ಸುತ್ತ ನೋಡಿದರು, ಬಗ್ಗಿ ಲೇಸು ಬಿಚ್ಚಿದರು. ಮಾರನೆಯ ದಿನವೇ ನಿನ್ನನ್ನು ಕಣದಿಂದ ತೆಗೆದು ಗುಡ್ಡದ ಮೇಲೆ ಕಳೆ ಕೀಳಲು ಹಾಕಿದರು. ‘ನಾನೇನ್ ತಪ್ಪು ಹೇಳ್ದೆ?’ ಎಂದು ನೀನು ಆ ವರ್ಷವೆಲ್ಲ ಕೇಳುತ್ತಲೇ ಇದ್ದೆ.

ಇಷ್ಟು ವರ್ಷ ಕೋರ್ಟಿನಲ್ಲಿ ನಾನು ಕೇಳಿದ್ದೂ ಅದನ್ನೇ ಅವ್ವ, ನಿಯಮ ಅಂದಮೇಲೆ ಎಲ್ಲರಿಗೂ ಒಂದೇ ಅಲ್ಲವೇ ಎಂದು. ಕರಿಕೋಟು ಹಾಕಿಕೊಂಡು ಕೇಳಿದೆ ಅಷ್ಟೆ. ನಿನ್ನನ್ನು ನೆನೆದರೆ ಹೆಮ್ಮೆಯಾಗುತ್ತದೆ.

ಹೂಂ ಅಥವಾ ಉಹೂಂ, ಕೃತಿಕಾ ಹತ್ತಿರ ಹೇಳಿ ಕಳಿಸು. ಉಹೂಂ ಅಂದರೂ ಬೇಜಾರಿಲ್ಲ. ಬರುವುದನ್ನು ಮಾತ್ರ ತಪ್ಪಿಸಬೇಡ.

ನಿನ್ನ ಹಟಮಾರಿ,
ಸುಕನ್ಯಾ

ಇದು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ಅಳಿಯ ಬೂಟು ಬಿಚ್ಚುವಾಗ ಅವರ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ನಿನ್ನತ್ತ ಕೈ ತೋರಿಸಿ, ಆ ಹೆಂಗಸು ಯಾರು ಎಂದು ನನ್ನನ್ನು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಅದು ನಿನ್ನ ಕಿವಿಗೆ ಬಿದ್ದಿತೋ ಇಲ್ಲವೋ, ಕೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ. ಭಾನುವಾರ ಅವಳೂ ಬರುತ್ತಾಳಂತೆ. ನೀನು ಹೂಂ ಅಂದರೆ, ಮೊದಲು ಅವಳಿಗೆ ಉತ್ತರ ಹೇಳಿ ಆಮೇಲೆ ಭಾಷಣ ಶುರು ಮಾಡುತ್ತೇನೆ.